ಎಡಗೈಯ ಎರಡು ಬೆರಳು

ತೀರಿಕೊಂಡ ತಮ್ಮನ ಬೈಕನ್ನು ಅವನ ಗೆಳೆಯ ಹಂಝರಿಗೆ ಕೊಟ್ಟುಬಿಡೋಣವೆಂದು ಒಂದು ಶುಕ್ರವಾರ ಬೆಳಿಗ್ಗೆ ಫಹಾಹೀಲಿಗೆ ಹೊರಟೆ. ಅದು ಮನೆಯ ಕೆಳಗೆ ನಿಂತಿರುವುದನ್ನು ದಿನಾ ನೋಡುವುದು ನನ್ನಿಂದ ಆಗುತ್ತಿರಲಿಲ್ಲ. ಕುವೈತಿನಲ್ಲಿ ನಾನು ಬೈಕ್ ಓಡಿಸಿದ್ದು ಅದೇ ಮೊದಲು.

ಸಮುದ್ರದ ಬದಿಯ ರಸ್ತೆಯಲ್ಲಿ ಎದುರಿನಿಂದ ಬಂದ ಬೈಕಿನವನೊಬ್ಬ ಎಡಗೈ ಇಳಿಬಿಟ್ಟು ಎರಡು ಬೆರಳಿನಿಂದ ನೆಲ ತೋರಿಸಿದ. ಊರಿನಲ್ಲಿ ಹಾಗೆ ತೋರಿಸಿದರೆ ಸೈಡ್ ಸ್ಟ್ಯಾಂಡ್ ತೆಗೆದಿಲ್ಲ ಎಂದರ್ಥ. ಬದಿಗೆ ನಿಲ್ಲಿಸಿ ನೋಡಿದೆ. ಸ್ಟ್ಯಾಂಡ್ ಮಡಚಿಯೇ ಇತ್ತು. ಎರಡನೆಯವನೂ ಹಾಗೇ ತೋರಿಸಿದ. ನಾಲ್ಕು ಸಲ ಇಳಿದು, ಒಂದು ಸಲ ಮೊಣಕಾಲೂರಿ ಟಯರನ್ನೂ ಪರೀಕ್ಷಿಸಿ, ಮುಕ್ಕಾಲು ಗಂಟೆ ತಡವಾಗಿ ಹಂಝರ ಅಂಗಡಿ ಮುಟ್ಟಿದೆ.

“ಸ್ಟ್ಯಾಂಡಿನ ಸ್ಪ್ರಿಂಗ್ ಸಡಿಲ ಇರಬೇಕು, ಸರಿಮಾಡಿಸಿಕೊಳ್ಳಿ,” ಎಂದು ನಡೆದದ್ದನ್ನೆಲ್ಲ ಹೇಳಿದೆ.

ಹಂಝ ನಕ್ಕು ನಕ್ಕು ಕೆಮ್ಮಿದರು. “ಅದು ಸಲಾಂ, ಮಾಷ್ಟ್ರೇ! ಬೈಕಿನವರು ಒಬ್ಬರಿಗೊಬ್ಬರು ಹೇಳುವುದು. ನಿಮ್ಮ ತಮ್ಮ ಒಬ್ಬರನ್ನೂ ಬಿಡುತ್ತಿರಲಿಲ್ಲ. ನಾಲ್ಕು ಜನ ಸಲಾಂ ಹೇಳಿದರೆ ನೀವು ಟಯರ್ ನೋಡುವುದಾ?”

ನಾಚಿಕೆಯಾಯಿತು. ಕ್ಲಾಸಿನ ಕೊನೆಯ ಬೆಂಚಿನ ನಮಸ್ಕಾರಕ್ಕೂ ಉತ್ತರ ಕೊಡುವವನು ನಾನು.

“ವಾಪಸ್ ಹೋಗುವಾಗ ಎಲ್ಲರಿಗೂ ಹೇಳುತ್ತೇನೆ,” ಎಂದೆ.

“ಹಾಗಾದರೆ ಬೈಕ್?”

ಕೀಲಿ ಇನ್ನೂ ನನ್ನ ಕೈಯಲ್ಲೇ ಇತ್ತು. “ಮುಂದಿನ ಶುಕ್ರವಾರ ತರುತ್ತೇನೆ.”

ಆಮೇಲೆ ಎಷ್ಟೋ ಶುಕ್ರವಾರಗಳು ಕಳೆದವು. ಈಗ ನಾನೂ ಒಬ್ಬರನ್ನೂ ಬಿಡುವುದಿಲ್ಲ. ಮೊನ್ನೆ ಊಟ ತಲುಪಿಸುವ ಬೈಕಿನವನೊಬ್ಬನಿಗೆ ಎರಡು ಬೆರಳು ತೋರಿಸಿದೆ. ಕನ್ನಡಿಯಲ್ಲಿ ನೋಡಿದರೆ, ಪಾಪ, ಗಾಡಿ ಬದಿಗೆ ನಿಲ್ಲಿಸಿ ಬಗ್ಗಿ ಸ್ಟ್ಯಾಂಡ್ ನೋಡುತ್ತಿದ್ದ. ನಮ್ಮ ಕಡೆಯವನೇ ಇರಬೇಕು.