ಕೋಳಿಗೂಡಿಗೆ ಹಾಸಿದ ಟೈಲ್ಸ್

ನನ್ನ ಕೋಳಿಗಳಿಗೆ ಎಂಥ ನೆಲ ಬೇಕು ಎಂದು ನಾನು ಊರವರನ್ನೆಲ್ಲ ಕೇಳಿದೆ. ಕೋಳಿಗಳನ್ನು ಕೇಳಲಿಲ್ಲ. ಇದು ಕಾನ್ವೆಂಟಿನಲ್ಲಿ ಓದಿದ್ದರ ದೋಷ ಎಂದೇ ಈಗಲೂ ನನ್ನ ಅನುಮಾನ. ಅಲ್ಲಿ ಶನಿವಾರ ಬಂತೆಂದರೆ ಹುಡುಗಿಯರೆಲ್ಲ ತೆಂಗಿನ ಸಿಪ್ಪೆಯ ಹೋಳನ್ನು ಕಾಲಡಿ ಇಟ್ಟುಕೊಂಡು ಕೆಂಪು ಕಾರಿಡಾರಿನ ಉದ್ದಕ್ಕೂ ಡ್ಯಾನ್ಸ್ ಮಾಡಿದ ಹಾಗೆ ತಿಕ್ಕಬೇಕಿತ್ತು. ಕೊನೆಗೆ ಸಿಸ್ಟರ್ ಬಂದು ಬಗ್ಗಿ ನೋಡುತ್ತಿದ್ದರು. ನೆಲದಲ್ಲಿ ತಮ್ಮ ಮುಖ ಕಂಡರೆ ‘ಗುಡ್’, ಕಾಣದಿದ್ದರೆ ಮತ್ತೆ ಡ್ಯಾನ್ಸ್. ನೆಲ ಅಂದರೆ ಮುಖ ಕಾಣಬೇಕು ಎಂಬುದು ಅಂದೇ ತಲೆಯೊಳಗೆ ಹೊಕ್ಕಿತು. ಗ್ರಾಮರ್ ಎಷ್ಟೋ ಮರೆತಿದೆ, ಇದು ಹೋಗಲಿಲ್ಲ.

ಸಿರ್ಸಿಯ ಈ ಮನೆಯಲ್ಲಿ ಈಗ ನಾನು ಮತ್ತು ನನ್ನ ತಮ್ಮ ವಸಂತ ಇಬ್ಬರೇ. ನಾನು ಶಾಲೆಯ ಅಕ್ಕೋರಾಗಿ ರಿಟೈರ್ ಆದವಳು, ಅವನು ಬ್ಯಾಂಕ್ ಮ್ಯಾನೇಜರ್ ಆಗಿ. ಹಿತ್ತಿಲ ಕೋಳಿಗಳು ನನ್ನವು. ಮನೆಯ ನೆಲ ಅವನದು. ಅಂದರೆ, ಹಳೆಯ ಕಾವಿ ನೆಲ ಬಿರಿದಿದೆ ಎಂದು ಅದನ್ನು ಕೀಳಿಸಿ ಬಿಳಿ ವಿಟ್ರಿಫೈಡ್ ಟೈಲ್ಸ್ ಹಾಕಿಸಿದ್ದು ಅವನು. ಟ್ಯೂಬ್‌ಲೈಟ್ ಹಾಕಿದರೆ ಮೇಲೊಂದು ಕೆಳಗೊಂದು ಉರಿಯುತ್ತದೆ. ಬಂದವರು ಆಹಾ ಎನ್ನುತ್ತಾರೆ, ವಸಂತ ಮೀಸೆ ಮುಟ್ಟಿಕೊಳ್ಳುತ್ತಾನೆ.

ಕೋಳಿಗೂಡಿಗೆ ಮೊದಲು ಸಿಮೆಂಟ್ ಹಾಕಿಸಿದ್ದೆ. ಮಳೆಗಾಲದಲ್ಲಿ ಅದು ಥಂಡಿ ಹಿಡಿದು ಆರಲೇ ಇಲ್ಲ. ಆಮೇಲೆ ಮರದ ರೀಪು ಹೊಡೆಸಿದೆ. ಸಂದಿಯಲ್ಲಿ ಕೋಳಿಗಳ ಬೆರಳು ಸಿಕ್ಕಿಬಿದ್ದು ರಂಪವಾಯಿತು. ಆಗ ಕಣ್ಣಿಗೆ ಬಿದ್ದದ್ದು ಉಳಿದ ಟೈಲ್ಸ್ ಪೆಟ್ಟಿಗೆ. ತೊಳೆದರೆ ಸ್ವಚ್ಛ, ಮುಖವೂ ಕಾಣುತ್ತದೆ! ಮೇಸ್ತ್ರಿಯನ್ನು ಕರೆಸಿ ಹಾಕಿಸಿಯೇ ಬಿಟ್ಟೆ.

“ಅಕ್ಕ, ಇನ್ನು ನಿನ್ನ ಕೋಳಿ ಚಪ್ಪಲಿ ಹೊರಗೆ ಬಿಟ್ಟು ಬರ್ಬೇಕು,” ಎಂದ ವಸಂತ.

“ಬರ್ತಾವೆ. ನಿಂಗಿಂತ ಮ್ಯಾನರ್ಸ್ ಉಂಟು ಅವಕ್ಕೆ.”

ಮ್ಯಾನರ್ಸ್ ಏನೋ ಬಂತು. ಕೋಳಿಗಳೆಲ್ಲ ಹೊಸ ಸೊಸೆಯರ ಹಾಗೆ ಹೆಜ್ಜೆ ಎಣಿಸಿ ನಡೆಯತೊಡಗಿದವು. ನನ್ನ ಹಿರಿಯ ಹೇಂಟೆ ಡಚೆಸ್, ಹೆಸರಿಗೆ ತಕ್ಕ ಗತ್ತಿನವಳು, ಎರಡು ಸಲ ಜಾರಿ ಕುಂಡೆ ಮೇಲೆ ಕೂತಳು. ಕಾವಿಗೆ ಕೂತು ಅವಳು ಮರಿ ಮಾಡಿದಾಗ ಒಂದು ಮರಿಗೆ ನಿಲ್ಲಲೇ ಆಗಲಿಲ್ಲ. ಎದ್ದರೆ ಸಾಕು, ಎರಡು ಕಾಲೂ ಕತ್ತರಿ ಬಿಚ್ಚಿದ ಹಾಗೆ ಆಚೆಗೊಂದು ಈಚೆಗೊಂದು. ಹೊಟ್ಟೆಯ ಮೇಲೆ ಈಜುತ್ತ ನುಚ್ಚಿನ ಕಡೆ ಹೋಗುವಷ್ಟರಲ್ಲಿ ಉಳಿದವು ತಟ್ಟೆ ಬರಿದು ಮಾಡಿರುತ್ತಿದ್ದವು.

ಅದರ ಕಷ್ಟ ನನಗೆ ಚೆನ್ನಾಗಿ ಅರ್ಥವಾಯಿತು. ಟೈಲ್ಸ್ ಬಂದಾಗಿನಿಂದ ನಾನೂ ರೂಮಿನಿಂದ ಅಡುಗೆಮನೆಗೆ ಗೋಡೆ ಹಿಡಿದೇ ಹೋಗುವವಳು. ಐವರಿ ಬಣ್ಣದ ಗೋಡೆಯ ಮೇಲೆ ನನ್ನ ಅಂಗೈ ಎಳೆದ ಮಸುಕು ಗೆರೆಯೊಂದು ಉದ್ದಕ್ಕೂ ಮೂಡಿದೆ. ವಸಂತ ಅದರ ಬಗ್ಗೆ ಒಂದು ದಿನವೂ ಮಾತೆತ್ತಲಿಲ್ಲ. ನಾನು ಅದನ್ನು ಅವನ ಜೆಂಟಲ್‌ಮನ್‌ತನ ಎಂದುಕೊಂಡಿದ್ದೆ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರಲ್ಲ, ಆ ಜಟ್ಟಿ ಪುಣ್ಯವಂತ, ಮಣ್ಣಿನ ಮೇಲೆ ಬಿದ್ದ. ಮೀಸೆ ಕೊಡವಿಕೊಂಡು ಎದ್ದ. ವಿಟ್ರಿಫೈಡ್ ಮೇಲೆ ಬಿದ್ದಿದ್ದರೆ ಮೀಸೆಗೆ ಏನೂ ಆಗುತ್ತಿರಲಿಲ್ಲ, ಸೊಂಟ ಹೋಗುತ್ತಿತ್ತು.

ಮರಿಯ ಎರಡು ಕಾಲನ್ನೂ ಸ್ವಲ್ಪ ಸಡಿಲ ಬಿಟ್ಟು ಕೆಂಪು ಉಲನ್ ನೂಲಿನಿಂದ ಕಟ್ಟಿದೆ, ಹರಡದಿರಲಿ ಎಂದು. ವಸಂತ ಬಾಗಿಲಲ್ಲಿ ನಿಂತು ನೋಡಿದ.

“ಅದು ಉಳಿಯೂದಿಲ್ಲ ಅಕ್ಕ. ಸುಮ್ನೆ ಎಂತಕ್ಕೆ ಹಿಂಸೆ?”

“ಕಾಲು ಸರಿ ಉಂಟು ಮಾರಾಯ. ನೆಲ ಸರಿ ಇಲ್ಲ.”

ಹೇಳಿದ ಮೇಲೆಯೇ ನನಗೂ ಅದು ಹೊಳೆದದ್ದು. ಅದೇ ಹೊತ್ತಿಗೆ ಡಚೆಸ್ ಉಳಿದ ಮರಿಗಳನ್ನು ಕರೆದುಕೊಂಡು, ನನ್ನ ಟೈಲ್ಸ್ ಅರಮನೆಗೆ ಬೆನ್ನು ಹಾಕಿ, ಹಲಸಿನ ಮರದ ಬುಡಕ್ಕೆ ನಡೆದಳು. ಅಲ್ಲಿ ಒಣ ಎಲೆಯ ರಾಶಿ. ಕೆದರಿದಳು, ಹೊರಳಿದಳು, ಗಟ್ಟಿ ಕಾಲೂರಿ ನಿಂತಳು. ಕೋಳಿಯ ಕಾಲನ್ನು ಎಂದಾದರೂ ಸರಿಯಾಗಿ ನೋಡಿದ್ದೀರಾ? ಮುಂದೆ ಮೂರು ಬೆರಳು, ಹಿಂದೆ ಒಂದು. ಏನನ್ನಾದರೂ ಹಿಡಿಯುವುದಕ್ಕೇ ಮಾಡಿದ ಕಾಲು ಅದು. ಹಿಡಿಯಲು ಏನೂ ಸಿಗದ ಕಡೆ ಅದು ಏನು ತಾನೇ ಮಾಡೀತು? ನಮ್ಮ ಕಡೆ ದನದ ಕೊಟ್ಟಿಗೆಗೆಲ್ಲ ದರಕು ಹಾಸುವುದು, ಅಂದರೆ ಇದೇ ಒಣ ಎಲೆ. ಅದನ್ನು ನೋಡುತ್ತಲೇ ಬೆಳೆದವಳು ನಾನು. ಆದರೂ ಕೋಳಿಯ ವಿಷಯಕ್ಕೆ ಬಂದಾಗ ಶೋರೂಮ್ ಬುದ್ಧಿ.

ಬುಟ್ಟಿ ಬುಟ್ಟಿ ದರಕು ತಂದು ಗೂಡಿನ ಟೈಲ್ಸ್ ಕಾಣದ ಹಾಗೆ ದಪ್ಪಗೆ ಹಾಸಿದೆ. ಮರಿಯನ್ನು ನಡುವೆ ಬಿಟ್ಟೆ. ಮೊದಲು ಮುಗ್ಗರಿಸಿತು. ಆಮೇಲೆ ಬೆರಳಿಗೆ ಎಲೆ ಸಿಕ್ಕಿತು ಕಾಣುತ್ತದೆ, ನಿಂತಿತು. ಕೆಲವು ದಿನ ಕಳೆದು ನೂಲು ಬಿಚ್ಚಿದೆ. ಆಗಲೂ ನಿಂತಿತು. ನುಚ್ಚಿನ ತಟ್ಟೆಗೆ ಓಡಿ ಅಣ್ಣನನ್ನೋ ಅಕ್ಕನನ್ನೋ ತಳ್ಳಿತು. ಆಗ ನನಗೆ ಧೈರ್ಯ ಬಂತು.

ವಸಂತನನ್ನು ಕರೆದೆ. ಬಂದ, ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟ. ಮರಿ ನೋಡಲು ಬಂದವನು ಮರಿ ಓಡಿಹೋದ ಮೇಲೂ ದರಕಿನ ಮೇಲೆ ಹಾಗೇ ನಿಂತಿದ್ದ.

“ಇಲ್ಲಿ ನಿಲ್ಲೂಕೆ ಚೊಲೋ ಆಗ್ತದೆ, ಅಲ್ದ?” ಎಂದ.

ಒಳಗೆ ಹೋಗುವಾಗ ನಾನು ಅವನ ಹಿಂದೆ ಇದ್ದೆ. ಹಾಲ್ ಬಂದದ್ದೇ ಅವನ ಕೈ ತಾನಾಗಿಯೇ ಗೋಡೆಗೆ ಹೋಯಿತು. ಆಗ ನೋಡಿದೆ, ಐವರಿ ಬಣ್ಣದ ಮೇಲೆ ಗೆರೆ ಎರಡಿವೆ. ನನ್ನದರ ಮೇಲೆ ಒಂದು ಗೇಣು ಬಿಟ್ಟು ಇನ್ನೊಂದು. ವಸಂತ ನನಗಿಂತ ಎತ್ತರ. ದಿನಾ ಕಣ್ಣಿಗೆ ಬೀಳುತ್ತಿದ್ದ ಆ ಗೆರೆಯನ್ನು ನಾನು ಪೇಂಟರನ ತಪ್ಪು ಎಂದುಕೊಂಡಿದ್ದೆ.

“ವಸಂತ, ಹಾಲಿಗೂ ಏನಾದ್ರೂ ಹಾಸೋಣ ಮಾರಾಯ.”

“ಎಂತ, ದರಕ?”

“ನಾರಿನ ಚಾಪೆ. ನನ್ನ ರೂಮಿಂದ ಅಡುಗೆಮನೆ ತನಕ.”

“ಟೈಲ್ಸ್ ಮುಚ್ಚಿ ಹೋಗ್ತದಲ.” ಅವನ ಕೈ ಇನ್ನೂ ಗೋಡೆಯ ಮೇಲೇ ಇತ್ತು. “ನಿಂಗೆ ಬೇಕು ಅಂದ್ರೆ ತರುವ. ತರೂದೇ ಆದ್ರೆ ನನ್ನ ರೂಮಿನ ಬಾಗ್ಲಿಂದ್ಲೇ ಶುರು ಆಗ್ಲಿ. ಅಳತೆ ಸರಿ ಬರ್ತದೆ.”

ಚಾಪೆ ಬಂದಿದೆ. ಒರಟು, ಅಂಗಾಲಿಗೆ ಕಚಗುಳಿ ಇಡುತ್ತದೆ, ಮುಖವಂತೂ ಕಾಣುವುದೇ ಇಲ್ಲ. ಸಿಸ್ಟರ್ ನೋಡಿದ್ದರೆ ‘ಗುಡ್’ ಎನ್ನುತ್ತಿರಲಿಲ್ಲ. ಅದರ ಎರಡೂ ಪಕ್ಕ, ಯಾರೂ ಕಾಲಿಡದ ಕಡೆ, ಟೈಲ್ಸ್ ಈಗಲೂ ಫಳಫಳ ಹೊಳೆಯುತ್ತವೆ. ನಾವಿಬ್ಬರೂ ಕೈ ಬೀಸಿಕೊಂಡು ನಡೆಯುತ್ತೇವೆ. ಬಂದವರು ಚಾಪೆಯತ್ತ ನೋಡಿದರೆ ವಸಂತ ಕೂಡಲೇ, “ಅದು ಅಕ್ಕನ ಸಲುವಾಗಿ,” ಎನ್ನುತ್ತಾನೆ. ನಾನು ಹೌದು ಎಂದು ತಲೆ ಆಡಿಸುತ್ತೇನೆ. ಜಾರದೆ ಇರುವ ತಮ್ಮ ಇದ್ದರೆ ಸಾಕು ನನಗೆ, ಮೀಸೆ ಅವನದೇ ಇರಲಿ.