ಹಂಸದ ಕತ್ತು ತಿರುಗುವ ಜಾಗ

ಪೆನ್ನು ಮತ್ತೆ ಅದೇ ಗೀರಿನಲ್ಲಿ ಸಿಕ್ಕಿಕೊಂಡು ಕರ್ ಎಂದಿತು. ನಾಲ್ಕು ದಿನದಿಂದ ಸೀರೆ ಬಾರ್ಡರಿಗೆ ಒಂದು ಹಂಸ ಬಿಡಿಸಲು ಒದ್ದಾಡುತ್ತಿದ್ದೇನೆ. ಕತ್ತು ತಿರುಗುವ ಜಾಗಕ್ಕೆ ಬಂದಾಗಲೆಲ್ಲ ಕಂಪ್ಯೂಟರಿಗೆ ಜೋಡಿಸಿದ ಟ್ಯಾಬ್ಲೆಟ್ ಮೇಲಿನ ಆ ಗೀರು ಪೆನ್ನನ್ನು ಹಿಡಿದುಕೊಳ್ಳುತ್ತದೆ. ಹಂಸ ಬಾತುಕೋಳಿಯಾಗುತ್ತದೆ. ಗೀರು ಹಾಕಿದವರು ಎದುರುಮನೆ ಮೇಷ್ಟ್ರು. ಅರ್ಧ ಬ್ಲೇಡಿನಲ್ಲಿ.

ಅವರು ಶಾಲೆ ಮೇಷ್ಟ್ರಲ್ಲ. ದೊಡ್ಡಬಳ್ಳಾಪುರದ ಮಗ್ಗದವರಿಗೆ ಸೀರೆ ಡಿಸೈನ್ ಬರೆದುಕೊಡುತ್ತಿದ್ದರು. ದೊಡ್ಡ ಗ್ರಾಫ್ ಹಾಳೆ. ನೇಯುವಾಗ ಎಳೆ ಮೇಲೆ ಬರಬೇಕಾದ ಕಡೆ ಚೌಕಕ್ಕೆ ಕೆಂಪು ತುಂಬುವುದು, ಇಲ್ಲದ ಕಡೆ ಖಾಲಿ ಬಿಡುವುದು. ತಪ್ಪಾದರೆ ರಬ್ಬರ್ ಇಲ್ಲ. ಅರ್ಧ ಬ್ಲೇಡಿನಿಂದ ಬಣ್ಣವನ್ನು ಮೆಲ್ಲಗೆ ಕೆರೆದು, ಉಫ್ ಎಂದು ಊದುವುದು. ಬ್ಲೇಡ್ ಬೆಂಕಿಪೊಟ್ಟಣದಲ್ಲಿ, ಪೊಟ್ಟಣ ಶರ್ಟಿನ ಜೇಬಿನಲ್ಲಿ. ನಾನು ಎಂಟನೇ ಕ್ಲಾಸು ಫೇಲಾಗಿ ಅವರ ಪಕ್ಕ ಕೂತವನು. ಬೇರೆ ಏನೂ ಬರುವುದಿಲ್ಲ.

ಹತ್ತಿರದಲ್ಲೇ ಏರ್‌ಪೋರ್ಟ್ ಶುರುವಾದ ಮೇಲೆ ನಮ್ಮ ಬೀದಿಯಲ್ಲಿ ಮಗ್ಗ ಮಾರಿ ಟ್ಯಾಕ್ಸಿ ತಗೊಂಡವರು ಜಾಸ್ತಿಯಾದರು. ಉಳಿದವರು ಕಂಪ್ಯೂಟರ್ ಡಿಸೈನ್ ಕೇಳತೊಡಗಿದರು. ಕೊನೆಗೆ ನಮಗೆ ಕೆಲಸ ಕೊಡುವ ಮಗ್ಗದ ಓನರ್ ಒಬ್ಬರೇ ಉಳಿದರು. ಅವರೂ ಒಂದು ಗುರುವಾರ ಬಂದು ಬಾಗಿಲಲ್ಲೇ ನಿಂತರು.

"ಸೋಮವಾರಕ್ಕೆ ಹಂಸದ ಬಾರ್ಡರ್ ಬೇಕು ಮೇಷ್ಟ್ರೇ. ಹಾಳೆ ಬೇಡ, ಕಂಪ್ಯೂಟರ್‌ನಲ್ಲೇ ಕೊಡಿ. ಆಗಲ್ಲ ಅಂದ್ರೆ ಈಗ್ಲೇ ಹೇಳ್ಬಿಡಿ, ಬೆಂಗ್ಳೂರಲ್ಲಿ ಮಾಡಿಸ್ಕೋತೀನಿ."

"ಆಗತ್ತಣ್ಣ" ಎಂದೆ ನಾನು. ಮೇಷ್ಟ್ರು ನನ್ನ ಮುಖ ನೋಡಿದರು. ಆಗದಿದ್ದರೆ ಏನು ಎಂದು ಇಬ್ಬರಿಗೂ ಗೊತ್ತಿತ್ತು. ಬಾಶೆಟ್ಟಿಹಳ್ಳಿ ಫ್ಯಾಕ್ಟರಿಗಳಲ್ಲಿ ಗೇಟಿನಲ್ಲೇ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಕೇಳುತ್ತಿದ್ದರು. ನನ್ನ ಹತ್ತಿರ ಎಲ್ಲಿಂದ ಬರಬೇಕು? ಆ ವಯಸ್ಸಿನ ಮೇಷ್ಟ್ರನ್ನಂತೂ ಯಾರೂ ಒಳಗೇ ಬಿಡುತ್ತಿರಲಿಲ್ಲ.

ಮನೆಯಲ್ಲಿ ಭಾವನ ಹಳೇ ಕಂಪ್ಯೂಟರ್ ಇತ್ತು. ಮೌಸಿನಲ್ಲಿ ಹಂಸ ಬರಲಿಲ್ಲ. ಪೆನ್ನಲ್ಲಿ ಬರೆಯುವ ಟ್ಯಾಬ್ಲೆಟ್ ಸಿಗುತ್ತದೆ ಎಂದು ಯಾರೋ ಹೇಳಿದರು. ಮಾರನೇ ದಿನವೇ ಇಬ್ಬರೂ ಬೆಂಗಳೂರಿನ ಬಸ್ ಹತ್ತಿದೆವು.

ಅಂಗಡಿಯವನು ಎರಡು ಕರಿ ಹಲಗೆ ಇಟ್ಟ. ಒಂದು ನೋಟ್‌ಬುಕ್ಕಿನಷ್ಟು, ಇನ್ನೊಂದು ಊಟದ ತಟ್ಟೆಗಿಂತ ಅಗಲ. "ಫಸ್ಟ್ ಟೈಮ್ ಅಂದ್ರೆ ಚಿಕ್ಕದೇ ಸಾಕು ಗುರು" ಎಂದ. ನನಗೂ ಚಿಕ್ಕದೇ ಸಾಕೆನಿಸಿತು. ಮೇಷ್ಟ್ರು ಕಂಕುಳಲ್ಲಿದ್ದ ಗ್ರಾಫ್ ಹಾಳೆ ಬಿಚ್ಚಿ ಅದರ ಮೇಲೆ ಹರಡಿದರು. ನಾಲ್ಕೂ ಕಡೆ ಜೋತುಬಿತ್ತು.

"ಹಾಳೇನೇ ಕೂರಲ್ವಲ್ಲೋ ಇದರ ಮೇಲೆ."

"ಹಾಳೆ ಬೇಡ ಸಾರ್. ಇಲ್ಲಿ ಬರೀರಿ, ಅಲ್ಲಿ ಸ್ಕ್ರೀನ್ ನೋಡಿ."

"ಕೈ ಒಂದ್ಕಡೆ, ಕಣ್ಣೊಂದ್ಕಡೆ. ನಾನೇನಪ್ಪಾ ತಬಲ ಬಾರಿಸೋಕೆ ಬಂದಿದ್ದೀನಾ?"

ಅಂಗಡಿಯವನು ನಕ್ಕ. ನಾನೂ ನಕ್ಕೆ. ಹಾಳೆ ಕೂರುವ ದೊಡ್ಡದನ್ನೇ ತಗೊಂಡೆವು. ಅಮ್ಮನ ಓಲೆ ಅಡ ಇಟ್ಟು ತಂದ ದುಡ್ಡು ಅಲ್ಲಿಗೆ ಮುಗಿಯಿತು.

ಶನಿವಾರ ಮೇಷ್ಟ್ರು ಕೂತರು. ಪೆನ್ನಿನ ತುದಿಯನ್ನು ಮೊದಲು ನಾಲಿಗೆಗೆ ಮುಟ್ಟಿಸಿದರು, ಬ್ರಷ್ಷಿಗೆ ಮಾಡುವ ಹಾಗೆ. ಎಳೆದರು. ಪರದೆ ಮೇಲೆ ಗೆರೆ ಗರಗಸದಂತೆ ಬಂತು. ಇನ್ನೊಮ್ಮೆ ಎಳೆದರು. ಅದೇ. ಆಗ ನನಗೆ ಗೊತ್ತಾಯಿತು... ಹಾಳೆಯಲ್ಲಿ ಇದು ಕಾಣುತ್ತಿರಲಿಲ್ಲ. ಚೌಕ ತುಂಬಿತೋ ಇಲ್ಲವೋ, ಅಷ್ಟೇ. ಇಲ್ಲಿ ಎಲ್ಲಾ ಕಾಣುತ್ತಿತ್ತು.

"ಕೈ ನಡುಗ್ತಿದೆ ನಿಮ್ದು. ಎಷ್ಟು ದಿನದಿಂದ?"

"ಪೆನ್ ಸರಿಯಿಲ್ಲ ಕಣೋ" ಎಂದು ಜೇಬಿಗೆ ಕೈ ಹಾಕಿದರು. ನಾನು ಕೂಗುವಷ್ಟರಲ್ಲಿ ಬ್ಲೇಡ್ ತೆಗೆದು, ತಪ್ಪಿದ ಗೆರೆ ಅಲ್ಲೇ ಇದೆಯೆಂಬಂತೆ ಹಲಗೆಯನ್ನು ಕೆರೆದು, ಉಫ್ ಎಂದು ಊದಿದರು.

"ಹಾಳ್ ಮಾಡಿದ್ರಲ್ರೀ! ಎದ್ದೋಗಿ ಅತ್ಲಾಗೆ!"

ಹಾಗೆ ಅವರಿಗೆ ಯಾರೂ ಅಂದಿರಲಿಲ್ಲ. ಬ್ಲೇಡನ್ನು ಪೊಟ್ಟಣಕ್ಕೆ ಹಾಕಿ, ಚಪ್ಪಲಿ ಹುಡುಕಿಕೊಂಡು ಹೋದರು.

ಭಾನುವಾರ ಬೆಳಗ್ಗೆ ತಾವೇ ಬಂದರು. ಕೈಯಲ್ಲಿ ಹಾಳೆಯ ಸುರುಳಿ. ಬಿಚ್ಚಿದರೆ ಹಂಸ. ಕತ್ತು ಹಿಂದಕ್ಕೆ ತಿರುಗಿಸಿ ತನ್ನ ರೆಕ್ಕೆಯನ್ನೇ ನೋಡುತ್ತಿತ್ತು.

"ನಾನ್ ಹೇಳ್ತೀನಿ, ನೀನ್ ತುಂಬು. ಮೂರು ಬಿಡು. ಎರಡು ತುಂಬು. ಒಂದು ಬಿಡು."

ಇಡೀ ದಿನ ಅದೇ. ಗೀರಿನ ಮೇಲೆ ಪೆನ್ನು ಹಾದು ಕರ್ ಎಂದಾಗಲೆಲ್ಲ ಅವರ ಎಣಿಕೆ ನಿಲ್ಲುತ್ತಿತ್ತು. ಮತ್ತೆ ಶುರುವಾಗುತ್ತಿತ್ತು.

ಸೋಮವಾರ ಓನರ್ ಪರದೆ ಮುಂದೆ ಬಗ್ಗಿ ಬಹಳ ಹೊತ್ತು ನೋಡಿದರು. "ಆಹಾ... ಯಾರ್ ಬಿಡಿಸಿದ್ದು?"

"ಇವನೇ" ಎಂದರು ಮೇಷ್ಟ್ರು. "ಇನ್ಮೇಲೆ ಇವನ್ನೇ ಕೇಳಿ."

ಅಲ್ಲ ಎನ್ನಬೇಕಿತ್ತು. ನನ್ನ ತಲೆಯಲ್ಲಿ ಮುಂದಿನ ಕೆಲಸವೇ ಇತ್ತು. ಬಾಯಿ ಬಿಡಲಿಲ್ಲ.

ಆಮೇಲೆ ಎರಡು ಸಲ ಅವರು ಸುರುಳಿ ಹಿಡಿದು ಬಾಗಿಲಿಗೆ ಬಂದಿದ್ದರು. "ಈಗ ಬಿಜಿ ಮೇಷ್ಟ್ರೇ" ಎಂದೆ. ಬಿಜಿ ಇರಲಿಲ್ಲ. ಅವರ ಮುಖ ನೋಡಲು ಆಗುತ್ತಿರಲಿಲ್ಲ. ಮೂರನೇ ಸಲ ಬರಲಿಲ್ಲ... ಅವರು ತೀರಿಕೊಂಡ ಮೇಲೆ ಮನೆಯವರು ಹಾಳೆಗಳನ್ನೆಲ್ಲ ಬಚ್ಚಲೊಲೆಗೆ ಹಾಕಿದರು. ನಾನು ಕೇಳುವಷ್ಟರಲ್ಲಿ ಒಲೆ ಆರಿತ್ತು.

ಇಷ್ಟು ವರ್ಷ ಹೂವು, ಬಳ್ಳಿ, ಗೆರೆ ಕೊಟ್ಟುಕೊಂಡು ಹೇಗೋ ಬದುಕಿದೆ. ಹೋದ ವಾರ ಓನರ್ ಫೋನ್ ಮಾಡಿದ್ದರು.

"ಆವತ್ತು ಒಂದು ಹಂಸ ಮಾಡಿದ್ಯಲ್ಲಪ್ಪಾ, ಅಂಥದ್ದೇ ಹೊಸದು ಬೇಕು. ಅದೇ ಕೈ ಇರ್ಬೇಕು. ಇಲ್ಲಾಂದ್ರೆ ನನಗೂ ಕಷ್ಟ, ನಿನಗೂ ಕಷ್ಟ."

"ಆಯ್ತಣ್ಣ" ಎಂದೆ. ಆಗಲೂ ಹೇಳಲಿಲ್ಲ.

ನಾಳೆ ಕೊಡಬೇಕು. ಗೀರಿನಿಂದಲೇ ಹೀಗಾಗುತ್ತಿದೆ, ಹೊಸ ಟ್ಯಾಬ್ಲೆಟ್ ತಗೊಂಡರೆ ಸರಿಹೋಗುತ್ತದೆ ಎಂದು ಮೂರು ದಿನ ನನಗೆ ನಾನೇ ಹೇಳಿಕೊಂಡೆ. ಇವತ್ತು ಗೀರು ಇಲ್ಲದ ಕಡೆ, ಹಲಗೆಯ ಇನ್ನೊಂದು ಮೂಲೆಯಲ್ಲಿ ಬರೆದು ನೋಡಿದೆ. ಪೆನ್ನು ಎಲ್ಲೂ ಸಿಕ್ಕಿಕೊಳ್ಳಲಿಲ್ಲ.

ಹಂಸ ಅಲ್ಲೂ ಬರಲಿಲ್ಲ.