ಕಿತ್ತೆಸೆದ ಚೀಟಿ

ತೊಂಬತ್ತರ ದಶಕದಲ್ಲಿ ನಾನು ತಿ. ನರಸೀಪುರದ ಮಲೇರಿಯಾ ಕಚೇರಿಯಲ್ಲಿ ಸೊಳ್ಳೆ ಹಿಡಿಯುವ ಕೆಲಸಕ್ಕಿದ್ದೆ. ನಗಬೇಡಿ, ಹೊಟ್ಟೆಪಾಡು. ಬೆಳಗಿನ ಆರಕ್ಕೆಲ್ಲ ಹಳ್ಳಿ ಮನೆಗಳಿಗೆ ಹೋಗಿ, ಗೋಡೆಗೆ ಟಾರ್ಚ್ ಬಿಟ್ಟು, ಕೂತ ಸೊಳ್ಳೆಯನ್ನು ಕೊಳವೆಯಲ್ಲಿ ಹೀರಿ ಗಾಜಿನ ಟ್ಯೂಬಿಗೆ ಬಿಡಬೇಕು. ಟ್ಯೂಬಿನ ಬಾಯಿಗೆ ಹತ್ತಿ ತುರುಕಿ ಮನೆ ನಂಬರಿನ ಚೀಟಿ ಅಂಟಿಸಬೇಕು. ಯಾವ ಜಾತಿಯ ಸೊಳ್ಳೆ ಎಂದು ಸಾಹೇಬರು ಮೈಕ್ರೋಸ್ಕೋಪಿನಲ್ಲಿ ನೋಡುತ್ತಿದ್ದರು. ಆ ಮೈಕ್ರೋಸ್ಕೋಪಿನ ಮುಂದೆ ಸಾಹೇಬರಿಗೆ ಸಹಾಯಕರಾಗಿ ಕೂರುವ ಒಂದು ಖಾಯಂ ಕೆಲಸ ಖಾಲಿಯಾಗುವುದಿತ್ತು. ಆ ಕುರ್ಚಿ ನನ್ನದೇ ಎಂದುಕೊಂಡಿದ್ದೆ.

ಅಷ್ಟರಲ್ಲಿ ಪಕ್ಕದ ಹಳ್ಳಿ ಹೆಮ್ಮಿಗೆಯ ಸೊಸೆಯೊಬ್ಬಳು ಕೆಲಸಕ್ಕೆ ಸೇರಿದಳು. ನನ್ನನ್ನು ಜಗಲಿಯಲ್ಲೇ ನಿಲ್ಲಿಸುತ್ತಿದ್ದ ಹೆಂಗಸರು ಅವಳನ್ನು "ಬಾರವ್ವ" ಎಂದು ಅಡುಗೆಮನೆವರೆಗೂ ಕರೆದುಕೊಂಡು ಹೋಗುತ್ತಿದ್ದರು. ನನಗೆ ಮೂರು ಸೊಳ್ಳೆ ಸಿಕ್ಕರೆ ಅವಳ ಟ್ಯೂಬು ಗಿಜಿಗುಡುತ್ತಿತ್ತು. "ಅವಳ್ನ ನೋಡಿ ಕಲಿಯಯ್ಯ" ಎಂದರು ಸಾಹೇಬರು. ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ಅವಳು ನಕ್ಕರೂ ಉರಿ, ಸುಮ್ಮನಿದ್ದರೂ ಉರಿ.

ಒಂದು ದಿನ ಅವಳು ಕೈ ತೊಳೆಯಲು ಹೋದಾಗ ಅವಳ ಟ್ಯೂಬೊಂದನ್ನು ಎತ್ತಿಕೊಂಡೆ. ಚೀಟಿಯನ್ನು ಓದದೆಯೇ ಕಿತ್ತೆಸೆದು ನನ್ನದನ್ನು ಅಂಟಿಸಿದೆ.

"ರೆಕ್ಕೆ ಮೇಲೆ ಚುಕ್ಕೆ ನೋಡು. ಮಲೇರಿಯಾ ಹರಡೋ ಜಾತಿ ಇದು, ಭೇಷ್" ಎಂದು ಸಾಹೇಬರು ನನ್ನ ಬೆನ್ನು ತಟ್ಟಿದರು. ನನ್ನ ಚೀಟಿಯಲ್ಲಿದ್ದ ಮನೆಗೆ ಮರುದಿನವೇ ಔಷಧಿ ಹೊಡೆಸಿದರು. ಕುರ್ಚಿಯ ಮೇಲೆ ಆಗಲೇ ಕೂತವನಂತೆ ಓಡಾಡಿದೆ.

ವಾರ ಕಳೆದು ಅವಳು ನನ್ನ ಹತ್ತಿರ ಬಂದಳು. "ಅಣ್ಣ, ನಮ್ಮತ್ತೆ ಚಳಿಜ್ವರದಲ್ಲಿ ನಡುಗ್ತಾವ್ರೆ. ನಮ್ಮನೇಲಿ ಹಿಡಿದಿದ್ ಟ್ಯೂಬು ಅವತ್ತು ಎಲ್ಲೋ ಕಳೆದೋಯ್ತು. ಆಮೇಲೆ ಒಂದೂ ಸಿಗ್ತಾ ಇಲ್ಲ, ಸೊಳ್ಳೆ ತೋರಿಸ್ದೆ ಔಷಧಿ ಹೊಡೆಯಾಕಿಲ್ಲ. ನೀವು ಕೈ ಪಳಗಿದೋರು, ಒಂದ್ಸಲ ಬಂದು ಹಿಡ್ಕೊಡಿ."

ನಾನು ಕಿತ್ತೆಸೆದದ್ದು ಅವಳ ಮನೆಯ ಚೀಟಿ. ಟಾರ್ಚು, ಕೊಳವೆ ಎತ್ತಿಕೊಂಡು ಅವಳ ಹಿಂದೆ ಹೋದೆ. ಎರಡು ಕಂಬಳಿ ಹೊದ್ದು ಮಲಗಿದ್ದ ಮುದುಕಿ ತಲೆ ಎತ್ತಿ, "ನೀನೇ ಏನಪ್ಪ? ನಿನ್ನ ನೋಡೇ ಕೆಲ್ಸ ಕಲ್ತೆ ಅಂತಾಳೆ ನಮ್ ಸೊಸೆ" ಎಂದಳು. ಸೊಸೆ ಕೊಟ್ಟ ಕಾಫಿಯನ್ನು ಹಾಗೇ ಬಿಟ್ಟು ಎದ್ದೆ.

ಅಲ್ಲಿಂದ ನೇರವಾಗಿ ಸಾಹೇಬರ ಹತ್ತಿರ ಹೋಗಿ ಎಲ್ಲ ಒಪ್ಪಿಕೊಂಡೆ. ಅವಳ ಮನೆಗೆ ಔಷಧಿ ಹೊಡೆದರು, ಮುದುಕಿಗೆ ಮಾತ್ರೆ ಕೊಟ್ಟರು, ಆಕೆ ಎದ್ದು ಓಡಾಡಿದಳು. ಕುರ್ಚಿ ಸೊಸೆಯ ಪಾಲಾಯಿತು.

ಅವಳು ನನಗೆ ಒಂದು ಮಾತೂ ಬೈಯಲಿಲ್ಲ. ಅಣ್ಣ ಅನ್ನುವುದನ್ನು ಬಿಟ್ಟು, ಸಾಹೇಬರಿಗೆ ಅನ್ನುವಂತೆ "ಸಾ" ಅನ್ನತೊಡಗಿದಳು, ಅಷ್ಟೇ. ಕಸ ಗುಡಿಸುವವನು ಅವಳಿಗೆ ಅಣ್ಣ, ಜೀಪಿನ ಡ್ರೈವರ್ ಅಣ್ಣ. ಕುರ್ಚಿ ಹೋದದ್ದನ್ನು ಹೇಗೋ ನುಂಗಿಕೊಂಡೆ. ಆ ಡ್ರೈವರನ ಮೇಲಿನ ಹೊಟ್ಟೆಕಿಚ್ಚು ಮಾತ್ರ ಇವತ್ತಿಗೂ ಆರಿಲ್ಲ.